ತೊಂಬತ್ತು ಸಾಲಿನ ತೋಳು

ರಿಫಾತನ ಬಲಗೈ ಸ್ವೆಟರಿನ ತೋಳಿನೊಳಗೆ ಹೋದದ್ದು ಹೋಯಿತು, ಆ ತುದಿಯಲ್ಲಿ ಹೊರಗೆ ಬಂದದ್ದು ಮಾತ್ರ ಬರೀ ಬೆರಳ ತುದಿ. ಎಡಗಡೆ ಮಣಿಕಟ್ಟಿಗೆ ಅಳೆದು ಇಟ್ಟಂತೆ ನಿಂತಿತ್ತು. ಬಲಗಡೆ ಆನೆಯ ಸೊಂಡಿಲು.

"ಅಪ್ಪಾ, ಆ ಕೈಗೆ ಗ್ಲೌಸ್ ಉಳೀತು ಬಿಡು," ಎಂದಳು ಹನ್ನೊಂದು ವರ್ಷದ ನೆರ್ಗಿಸ್.

"ಗೇರ್ ಹಾಕೋ ಕೈ ಕಣೇ ಇದು! ಗೇರು ಅಂತ ತೋಳನ್ನೇ ಎಳೆದು ಕೂತರೆ ಮಿನಿಬಸ್ಸು ನೇರ ಮಸೀದಿ ಗೋಡೆಗೆ."

ಭಾನುವಾರದ ಬೆಳಗಿನ ತಿಂಡಿ ಇನ್ನೂ ಹಾಸಿನ ಮೇಲೇ ಇತ್ತು. ಆಲಿವ್, ಗಿಣ್ಣು, ಬೇಯಿಸಿದ ಮೊಟ್ಟೆ, ಅರ್ಧ ಕುಡಿದ ಚಹಾ ಲೋಟಗಳು. ಒಲೆಯ ಮೇಲೆ ಕೆಟಲು ಗೊಣಗುತ್ತಿತ್ತು. ರಿಫಾತನ ಹೆಂಡತಿ ಸೆವ್ಗುಲ್ ನಗುತ್ತ ನಗುತ್ತ ಅತ್ತೆಯ ಕಡೆ ತಿರುಗಿದವಳು, ನಗುವನ್ನು ಅಲ್ಲೇ ನುಂಗಿಕೊಂಡಳು. ಹುರ್ಮುಜಮ್ಮ ನಗುತ್ತಿರಲಿಲ್ಲ.

"ತೊಂಬತ್ತು ಸಾಲು ಹಾಕಿದೀನಿ," ಎಂದಳು ಮುದುಕಿ. "ಎರಡೂ ತೋಳಿಗೆ ತೊಂಬತ್ತೇ. ತಟ್ಟೆಯ ಕಾಳು ಎಣಿಸಿಯೇ ಹೆಣಿಗೆ ಕಡ್ಡಿ ಕೆಳಗಿಟ್ಟೆ. ಸೆವ್ಗುಲ್, ನಿನ್ನ ಕಣ್ಣು ಚುರುಕು. ಎಣಿಸು."

ಸೆವ್ಗುಲ್ ಗುಂಡುಪಿನ್ನು ಹಿಡಿದು ಮಣಿಕಟ್ಟಿನಿಂದ ಕಂಕುಳವರೆಗೆ ಒಂದೊಂದೇ ಸಾಲು ಚುಚ್ಚುತ್ತ ಎಣಿಸಿದಳು. ಒಮ್ಮೆ ಎಣಿಸಿ, ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದಳು. ನೂರ ನಾಲ್ಕು. ಕಂಕುಳ ಬಳಿ ಎಪ್ಪತ್ತನಾಲ್ಕು ಕುಣಿಕೆ ಇರಬೇಕಾದಲ್ಲಿ ಎಪ್ಪತ್ತೆಂಟು.

"ಹದಿನಾಲ್ಕು ಸಾಲು ಹೆಚ್ಚಾಗಿದೆ ಅತ್ತೆ."

"ಹದಿನಾಲ್ಕು," ಎಂದು ಹುರ್ಮುಜಮ್ಮ ಮೆಲ್ಲಗೆ ಪುನರುಚ್ಚರಿಸಿದಳು. ಆಮೇಲೆ ಮಗನ ಮೈಯಿಂದ ಸ್ವೆಟರ್ ಎಳೆದುಕೊಂಡು, ಬಲತೋಳನ್ನು ಬಿಚ್ಚಿ, ನೂಲನ್ನು ಪರಪರ ಎಳೆದು ಉಂಡೆ ಸುತ್ತತೊಡಗಿದಳು. ಮೂಲೆಯಲ್ಲಿ ಕೂತಿದ್ದ ಆಕೆಯ ಗಂಡ ದುರ್ಸುನ್ ಉಸ್ತಾದರು ಎದ್ದು, ಯಾರೂ ಕೇಳದಿದ್ದರೂ, "ಕಲ್ಲಿದ್ದಲು ತರ್ತೀನಿ," ಎಂದು ಬಕೆಟ್ ಹಿಡಿದು ಹೊರಟರು. ಬಕೆಟ್ ತುಂಬ ಕಲ್ಲಿದ್ದಲು ಇತ್ತು.

ಹುರ್ಮುಜಮ್ಮನ ಎಣಿಕೆ ಆ ಓಣಿಗೆಲ್ಲ ಗೊತ್ತಿದ್ದ ಎಣಿಕೆ. ಕುಣಿಕೆಗಳನ್ನು ಬಾಯಲ್ಲಿ ಎಣಿಸುವುದು, ಐದೈದರ ಗುಂಪು ಮಾಡಿ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಆಕೆ ಮಾತಾಡುವುದಿಲ್ಲ, ಕೈಯೆತ್ತಿ 'ತಡಿ' ಎನ್ನುತ್ತಾಳೆ. ಸಾಲುಗಳ ಲೆಕ್ಕ ಮಾತ್ರ ತಲೆಯಲ್ಲಲ್ಲ, ತಟ್ಟೆಯಲ್ಲಿ. ಒಂದು ಸಾಲು ಮುಗಿದರೆ ಮಡಿಲ ಚೀಲದಿಂದ ಒಂದು ಹುರಿಗಡಲೆ ತೆಗೆದು ಪಕ್ಕದ ತಾಮ್ರದ ತಟ್ಟೆಗೆ ಟಣ್ ಎಂದು ಹಾಕುವುದು. ತಟ್ಟೆಯಲ್ಲಿ ಆರಾರು ಸೇರಿದಾಗಲೆಲ್ಲ ತೋಳಿಗೆ ಎರಡು ಕುಣಿಕೆ ಹೆಚ್ಚಿಸುವುದು. ನಲವತ್ತನಾಲ್ಕು ಕುಣಿಕೆಯಿಂದ ಶುರುವಾದ ಮಣಿಕಟ್ಟು ತೊಂಬತ್ತು ಕಾಳು ಸೇರುವಷ್ಟರಲ್ಲಿ ಎಪ್ಪತ್ತನಾಲ್ಕು ಕುಣಿಕೆಯ ಕಂಕುಳಾಗುತ್ತದೆ. ಆಕೆಯ ತಾಯಿ ಹಾಗೇ ಹೆಣೆದಳು, ತಾಯಿಯ ತಾಯಿಯೂ ಹಾಗೇ. ಹುರಿಗಡಲೆಗೇ ಹೆಸರಾದ ತುರ್ಕಿಯ ಚೋರುಮ್ ಊರಿನಲ್ಲಿ ಅದಕ್ಕೆ ಬರವೇ?

"ಅಜ್ಜಿ, ಫೋನಲ್ಲಿ ಒಂದು ಗುಂಡಿ ಇರತ್ತೆ. ಸಾಲಿಗೊಂದು ಸಲ ಒತ್ತಿದ್ರೆ ಅದೇ ಎಣಿಸತ್ತೆ," ಎಂದು ನೆರ್ಗಿಸ್ ಸಲಹೆ ಕೊಟ್ಟಳು.

"ಆ ಗುಂಡಿ ಒತ್ತಿದೀನೋ ಇಲ್ವೋ ಅಂತ ಯಾರು ಎಣಿಸಬೇಕು? ಕಾಳು ಕಣ್ಣಿಗೆ ಕಾಣತ್ತೆ. ಕಾಳು ಸುಳ್ಳು ಹೇಳಲ್ಲ."

ಮೂರು ವರ್ಷ ಆಕೆ ಎಣಿಸಿದ್ದು ಗಂಡನ ಅಂಗಡಿಯ ಕೊನೆಯ ಡಬ್ಬಿಯ ಕಾಳಿನಲ್ಲಿ. ದುರ್ಸುನ್ ಉಸ್ತಾದರು ನಲವತ್ತೆರಡು ವರ್ಷ ಗಡಿಯಾರ ಗೋಪುರದ ಹಿಂದಿನ ಬೀದಿಯಲ್ಲಿ ಕಡಲೆ ಹುರಿದವರು. ಮೊಣಕಾಲು ಕೈಕೊಟ್ಟಾಗ ಅಂಗಡಿ ಮುಚ್ಚಿದರು. ಹುರಿಯುವ ಬಾಣಲೆಯನ್ನು ಕೊಂಡವನು ಅವರ ಕೈಕೆಳಗೇ ಕಲಿತು, ಎದುರು ಬೀದಿಯಲ್ಲೇ ಅಂಗಡಿ ಇಟ್ಟ ಬೆಕಿರ್. ಬಾಣಲೆ ಗಾಡಿಗೆ ಏರಿದ ದಿನ ಉಸ್ತಾದರು ಬೀದಿಯ ನಡುವೆ ನಿಂತು ಹೇಳಿದ್ದರು: "ಇವತ್ತಿಗೆ ಈ ಊರಲ್ಲಿ ಹುರಿಗಡಲೆ ಸತ್ತೋಯ್ತು. ಇನ್ನೊಬ್ಬ ಹುರಿದ ಕಾಳು ನನ್ನ ಹಲ್ಲಿಗೆ ತಾಕಿದರೆ ಈ ಮೀಸೆ ಬೋಳಿಸ್ತೀನಿ." ಅಂದಿನಿಂದ ಮದುವೆ ಮನೆಯಲ್ಲಿ ಕೊಟ್ಟರೂ ಮುಟ್ಟಿದವರಲ್ಲ.

ಈ ಚಳಿಗಾಲ, ರಿಫಾತನ ಸ್ವೆಟರಿನ ಮೈಯೂ ಎಡತೋಳೂ ಮುಗಿದ ಮೇಲೆ, ಹಳೇ ಡಬ್ಬಿಗೆ ಹುಳು ಬಿತ್ತು. ಹುರ್ಮುಜಮ್ಮ ಗಂಡನಿಗೆ ಕಾಣದ ಹಾಗೆ ಬೆಕಿರನ ಅಂಗಡಿಯಿಂದ ಅರ್ಧ ಕಿಲೋ ತರಿಸಿದಳು. ಕಂಡೇ ಬಿಟ್ಟಿತು.

"ಯಾರದ್ದು ಇದು?"

"ಎಣಿಸೋಕೆ ಉಸ್ತಾದ್, ತಿನ್ನೋಕಲ್ಲ."

"ತಿನ್ನೋಕಾಗಲ್ಲ ಬಿಡು. ಮಣ್ಣು. ವಾಸನೆಯಲ್ಲೇ ಗೊತ್ತಾಗತ್ತೆ," ಎಂದು ಉಸ್ತಾದರು ಮುಖ ತಿರುಗಿಸಿದ್ದರು. ಒಲೆಯ ಪಕ್ಕ ಬೆಚ್ಚಗೆ ಕೂತ ತಟ್ಟೆಯಿಂದ ಏಳುತ್ತಿದ್ದ ಆ ವಾಸನೆಗೆ ಸೆವ್ಗುಲ್‌ಳ ಬಾಯಲ್ಲಂತೂ ನೀರೂರಿತ್ತು.

ಸೆವ್ಗುಲ್‌ಗೆ ಮೊಟ್ಟೆಯ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಆರೂವರೆಗೆ ಒಲೆ ಉರಿಸಿ, ಸೂಪು ಬಿಸಿಯಿಟ್ಟು, ಮಗಳ ಜಡೆ ಹೆಣೆದು, ಏಳಕ್ಕೆ ಬೀದಿ ತುದಿಯಲ್ಲಿ ಕಾರ್ಖಾನೆಯ ಬಸ್ಸು ಹಿಡಿಯಬೇಕು. ದಿನವಿಡೀ ಪಟ್ಟಿಯ ಮೇಲೆ ಉರುಳಿ ಬರುವ ಮೊಟ್ಟೆಗಳನ್ನು ದೀಪದ ಎದುರು ನೋಡಿ ಮೂವತ್ತರ ಟ್ರೇಗೆ ಇಳಿಸುವುದು. ನಾಲ್ಕು ವರ್ಷದಿಂದ ಬೆನ್ನು ನೋಯುತ್ತದೆ, ಬೈದುಕೊಳ್ಳುತ್ತಾಳೆ, ಮತ್ತೆ ಮರುದಿನ ಬಸ್ಸು ಬರುವ ಐದು ನಿಮಿಷ ಮೊದಲೇ ಹೋಗಿ ನಿಲ್ಲುತ್ತಾಳೆ. ಅಲ್ಲಿ ಅವಳನ್ನು ಯಾರೂ ಸೊಸೆ ಎನ್ನುವುದಿಲ್ಲ, ರಿಫಾತನ ಹೆಂಡತಿ ಎನ್ನುವುದಿಲ್ಲ. ಮೂರನೇ ಪಟ್ಟಿಯ ಸೆವ್ಗುಲ್ ಎನ್ನುತ್ತಾರೆ. ಶಾಲೆ ಬಿಟ್ಟು ಬರುವ ನೆರ್ಗಿಸಳಿಗೆ ಬಾಗಿಲು ತೆರೆದು ಬಿಸಿ ಸೂಪು ಕೊಡಲು ಅತ್ತೆ ಇರುವುದರಿಂದಲೇ ಇದೆಲ್ಲ ಸಾಧ್ಯ.

ಹತ್ತು ದಿನದಲ್ಲಿ ಬಲತೋಳು ಎರಡನೇ ಸಲ ಮುಗಿಯಿತು. ಈ ಬಾರಿ ತೊಡಿಸುವ ಮೊದಲೇ ಹುರ್ಮುಜಮ್ಮ ಗುಂಡುಪಿನ್ನು ಸೊಸೆಯ ಕೈಗೆ ಕೊಟ್ಟಳು.

ತೊಂಬತ್ತೊಂಬತ್ತು.

ಯಾರೂ ತಮಾಷೆ ಮಾಡಲಿಲ್ಲ. ಹುರ್ಮುಜಮ್ಮ ತಟ್ಟೆಯ ಕಾಳುಗಳನ್ನು ಮತ್ತೆ ಎಣಿಸಿದಳು; ತೊಂಬತ್ತೇ ಇದ್ದವು. "ಅಂದ್ರೆ ಒಂಬತ್ತು ಸಲ ಸಾಲು ಮುಗಿಸಿ ಕಾಳು ಹಾಕೋದು ಮರೆತಿದೀನಿ," ಎಂದಳು. "ನಮ್ಮ ಸಾಫಿಯೆ ಅಕ್ಕನಿಗೂ ಹೀಗೇ ಶುರುವಾದದ್ದು. ಮೊದಲು ಕಾಲುಚೀಲದ ಹಿಮ್ಮಡಿ ತಪ್ಪಿತು. ಎರಡು ವರ್ಷಕ್ಕೆ ನನ್ನನ್ನೇ ನೋಡಿ, ಯಾರಮ್ಮ ನೀನು ಅಂದಳು."

ಮರುದಿನದಿಂದ ಮನೆಯ ಊಟ ಕೆಟ್ಟಿತು. ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬ ಅನುಮಾನದಲ್ಲಿ ಹುರ್ಮುಜಮ್ಮ ಉಪ್ಪನ್ನೇ ಬಿಟ್ಟಳು. ಬೇಳೆಯ ಸೂಪು ಸಪ್ಪೆ, ಗೋಧಿ ನುಚ್ಚಿನ ಅನ್ನ ಸಪ್ಪೆ. ಗ್ಯಾಸಿನ ತಿರುಪನ್ನು ಮೂರು ಮೂರು ಸಲ ಹೋಗಿ ತಿರುಗಿಸಿ ನೋಡುವಳು. ಬಾಗಿಲಿಗೆ ಚಿಲಕ ಹಾಕಿ, ಹಾಕಿದ್ದೇನಾ ಎಂದು ನೆರ್ಗಿಸಳನ್ನು ಕೇಳುವಳು. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿ ಸುಮ್ಮನಾಯಿತು. ಹಣೆಯ ಮೇಲೆ ಹಿಟ್ಟು ಮೆತ್ತಿಕೊಂಡೇ ಸೊಸೆಯನ್ನು ರೇಗಿಸುತ್ತಿದ್ದವಳು, ಈಗ "ಹೂಂ ಮಗಳೇ, ನೀನು ಹೇಳಿದ ಹಾಗೇ ಆಗಲಿ," ಎನ್ನತೊಡಗಿದಳು. ಅತ್ತೆ ಎದುರಾಡುವುದು ಬಿಟ್ಟದ್ದು ಕಂಡು ಸೆವ್ಗುಲ್‌ಗೆ ನಿಜಕ್ಕೂ ಹೆದರಿಕೆಯಾಯಿತು.

ರಿಫಾತ್ ಅಂಕಾರಾದಲ್ಲಿದ್ದ ಅಕ್ಕ ಜುಬೇದೆಗೆ ಫೋನು ಮಾಡಿದ. ಫೋನು ಇಟ್ಟು ಅಡುಗೆಮನೆಗೆ ಬಂದು, ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಬೆನ್ನಿಗೆ ಹೇಳಿದ:

"ಅಕ್ಕ ಶನಿವಾರ ಬರ್ತಾಳಂತೆ. ಸೋಮವಾರ ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ."

"ಹೋಗೋಣ. ಒಳ್ಳೇದೇ."

"ಡಾಕ್ಟರ್ ಏನೇ ಹೇಳಲಿ, ಅಮ್ಮನ್ನ ಒಬ್ಬಳೇ ಬಿಡೋ ಹಾಗಿಲ್ಲ. ಒಲೆ, ಗ್ಯಾಸು... ಮಗು ಬೇರೆ ಇದೆ. ತಿಂಗಳು ತುಂಬ್ತಿದ್ದ ಹಾಗೆ ನೀನು ಕಾರ್ಖಾನೆಗೆ ಹೇಳಿಬಿಡು."

"ಏನಂತ ಹೇಳಲಿ?"

"ಬರಲ್ಲ ಅಂತ."

ಸೆವ್ಗುಲ್ ನಲ್ಲಿ ನಿಲ್ಲಿಸಿದಳು. "ಮಾವ ಮನೇಲೇ ಇರ್ತಾರಲ್ಲ?"

"ಅಪ್ಪನಾ? ಅಪ್ಪನಿಗೆ ಹಾಲು ಉಕ್ಕಿದರೆ ಒಲೆಯಿಂದ ಇಳಿಸಬೇಕು ಅಂತ ಗೊತ್ತಿಲ್ಲ. ಕೂಗಿ ಹೇಳ್ತಾನೆ, ಹಾಲು ಉಕ್ತಾ ಇದೆ ಅಂತ."

"ಹಾಗಾದ್ರೆ ನೀನು ಬಿಡು ಮಿನಿಬಸ್ಸು."

"ತಮಾಷೆ ಮಾಡಬೇಡ ಸೆವ್ಗುಲ್."

"ಎರಡು ತೋಳು ಉದ್ದ ಆಯ್ತು ಅಂತ ನನ್ನ ಎರಡು ಕೈ ಕಟ್ಟಬೇಕಾ?"

ದನಿ ಏರಿತ್ತು. ಒಳಕೋಣೆಯಲ್ಲಿ ಕಡ್ಡಿಗಳ ಸದ್ದು ನಿಂತುಹೋಯಿತು.

ಬುಧವಾರ ಕಾರ್ಖಾನೆಯಲ್ಲಿ ಪಟ್ಟಿ ಕೆಟ್ಟಿತು. ಅದಕ್ಕೂ ಮುಂಚೆ ಒಂದು ಗಲಾಟೆ: ಹೊಸ ಹುಡುಗಿಯೊಬ್ಬಳ ಟ್ರೇಯಲ್ಲಿ ಇಪ್ಪತ್ತೆಂಟೇ ಮೊಟ್ಟೆ. ಹುಡುಗಿ ಅಳುತ್ತ, "ನಾನು ಎಣಿಸಿದ್ದೆ, ಎಣಿಸಿದ್ದೆ," ಎನ್ನುತ್ತಿದ್ದಳು. ಪಾಳಿಯ ಹಿರಿಯಳು ಸೊಂಟಕ್ಕೆ ಕೈಯಿಟ್ಟು, "ಅಳು ನಿಲ್ಲಿಸು. ಮೊಟ್ಟೆ ಕಮ್ಮಿ ಬಂದರೆ ಮೊದಲು ಎಣಿಸಿದವಳನ್ನು ಬೈಯೋದಲ್ಲ, ಮೊಟ್ಟೆ ಎಲ್ಲಿ ಹೋಯ್ತು ಅಂತ ಬಗ್ಗಿ ನೋಡೋದು," ಎಂದಳು. ಬಗ್ಗಿ ನೋಡಿದರೆ ಎರಡೂ ಮೊಟ್ಟೆ ಟ್ರೇಯಿಂದ ಜಾರಿ ಪಟ್ಟಿಯ ಹಲ್ಲಿಗೆ ಸಿಕ್ಕಿ ಅಪ್ಪಚ್ಚಿಯಾಗಿದ್ದವು. ಅದರಿಂದಲೇ ಆಮೇಲೆ ಪಟ್ಟಿ ನಿಂತದ್ದು. ಎಲ್ಲರನ್ನೂ ಮಧ್ಯಾಹ್ನಕ್ಕೇ ಮನೆಗೆ ಕಳಿಸಿದರು.

ಸೆವ್ಗುಲ್ ಬಾಗಿಲಲ್ಲಿ ಬೂಟು ಕಳಚಿ, ಬರಿಗಾಲಲ್ಲಿ ಒಳಗೆ ಬಂದಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ನಮಾಜಿಗೆ ಬಾಗಿದ್ದಳು. ಮೂರನೇ ಸಲ ಶುರುವಾದ ಬಲತೋಳು ಮಣೆಯ ಮೇಲೆ, ಅದರ ಪಕ್ಕ ತಾಮ್ರದ ತಟ್ಟೆ. ತಟ್ಟೆಯ ಪಕ್ಕ ಮಾವ. ಕಣ್ಣು ಮುಚ್ಚಿದ್ದವು, ಪಾಪ, ತೂಕಡಿಸುತ್ತಿದ್ದಾರೆ ಎನಿಸುವ ಹಾಗೆ. ಅತ್ತೆ ಹಣೆ ನೆಲಕ್ಕಿಟ್ಟಳು. ಮಾವನ ಬಲಗೈಯ ಎರಡು ಬೆರಳು ಮಣೆಯ ಅಂಚಿನಲ್ಲಿ ಇರುವೆಯಂತೆ ನಡೆದು ಹೋಗಿ, ತಟ್ಟೆಯಿಂದ ಒಂದು ಕಾಳು ಎತ್ತಿ, ಮೀಸೆಯ ಕೆಳಗೆ ಮಾಯವಾದವು. ಉಸ್ತಾದರು ಅಗಿಯಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡು ಕರಗಿಸುತ್ತಿದ್ದರು. ಮುಖದ ಮೇಲೆ ಎಂಥಾ ನೆಮ್ಮದಿ! ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಅಷ್ಟು ನೆಮ್ಮದಿ ಇರಲಾರದು.

ಸೆವ್ಗುಲ್ ಹಿಂದಕ್ಕೆ ಸರಿದು, ಬೂಟು ಮತ್ತೆ ಹಾಕಿಕೊಂಡು, ಈ ಸಲ ಬಾಗಿಲು ಧಡಾರನೆ ತೆರೆದು, ಕೆಮ್ಮುತ್ತ ಒಳಬಂದಳು.

ಸೊಸೆಯಾದವಳು ಮಾವನ ಮುಖಕ್ಕೆ 'ನೀವು ಕಳ್ಳರು' ಎಂದು ಹೇಳುವ ರೂಢಿ ಆ ಊರಲ್ಲಿಲ್ಲ. ಹಾಗಂತ ಸುಮ್ಮನಿರುವ ರೂಢಿ ಸೆವ್ಗುಲ್‌ಗಿಲ್ಲ. ಸಂಜೆ ಉಸ್ತಾದರು ಕಲ್ಲಿದ್ದಲಿಗೆ ಹೋದಾಗ ಇನ್ನೊಂದು ಬಕೆಟ್ ಹಿಡಿದು ಅವಳೂ ಹಿತ್ತಲಿಗೆ ನಡೆದಳು.

"ಮಾವ, ಇವತ್ತು ನಮ್ಮ ಕಾರ್ಖಾನೇಲಿ ಎರಡು ಮೊಟ್ಟೆ ಕಮ್ಮಿ ಬಂತು."

"ಹೌದಾ? ಕೋಳಿ ಕಮ್ಮಿ ಇಟ್ಟಿರಬೇಕು."

"ಎಣಿಸಿ ಇಟ್ಟ ಮೇಲೆ ಕಮ್ಮಿಯಾದದ್ದು. ಎಣಿಸಿದ ಹುಡುಗಿ ಪಾಪ, ತನ್ನ ತಲೇನೇ ಕೆಟ್ಟಿದೆ ಅಂದ್ಕೊಂಡು ಅಳ್ತಾ ಕೂತಿದ್ದಳು."

ಉಸ್ತಾದರ ಸಲಿಕೆ ನಿಂತಿತು. "ಸಿಕ್ತಾ? ಮೊಟ್ಟೆ?"

"ಸಿಕ್ತು. ತಿಂದವರು ಮೀಸೆ ಇರೋರು."

ಮುದುಕರ ಕೈ ತಾನಾಗಿ ಮೀಸೆಗೆ ಹೋಯಿತು, ಮಸಿ ಸಮೇತ.

"ಒಂದೇ ಒಂದು ನೋಡೋಣ ಅಂತ ಬಾಯಿಗೆ ಹಾಕಿದ್ದೆ ಮಗಳೇ. ಕೆಟ್ಟದಾಗಿರತ್ತೆ, ಬೈದು ಉಗೀತೀನಿ ಅಂತ." ಧ್ವನಿ ಇಳಿಯಿತು. "ಕೆಟ್ಟದಾಗಿರಲಿಲ್ಲ."

"ಶನಿವಾರ ಅತ್ತಿಗೆ ಬರ್ತಾರೆ. ಅತ್ತೆ ಸಪ್ಪೆ ಸೂಪು ಕುದಿಸ್ತಾ ಕೂತಿದಾರೆ. ನಾನು ಕೆಲಸ ಬಿಡ್ತಿದೀನಿ."

"ನಾನು ಇನ್ನು ಮುಟ್ಟಲ್ಲ. ಆಣೆ. ಎಣಿಕೆ ತಾನಾಗಿ ಸರಿಹೋಗತ್ತೆ."

"ತೋಳು ಸರಿಹೋಗತ್ತೆ ಮಾವ. ಅತ್ತೆ?"

ಉಸ್ತಾದರು ಖಾಲಿ ಸಲಿಕೆಯನ್ನೇ ಬಕೆಟ್ಟಿಗೆ ಸುರಿದರು.

"ನಾನು ಹೇಳಲ್ಲ," ಎಂದಳು ಸೆವ್ಗುಲ್, ತುಂಬಿದ ಬಕೆಟ್ ಎತ್ತುತ್ತ. "ಹೇಳಬೇಕಾದವರು ಹೇಳಬೇಕು."

ಆ ರಾತ್ರಿ ಊಟಕ್ಕೆ ಕೂತಾಗ ಉಸ್ತಾದರು ಗಂಟಲು ಸರಿಮಾಡಿಕೊಂಡು, "ಹುರ್ಮುಜ್," ಎಂದರು. ಎಲ್ಲರೂ ತಲೆಯೆತ್ತಿದರು.

"ಏನು?"

"... ಉಪ್ಪು ಕೊಡು."

ಗುರುವಾರವೂ ಉಪ್ಪು ಕೇಳಿದರು. ಶುಕ್ರವಾರ ಕೇಳುವ ಮೊದಲೇ ಸೆವ್ಗುಲ್ ಉಪ್ಪಿನ ಬಟ್ಟಲನ್ನು ಅವರ ಮುಂದೆ ಕುಕ್ಕಿದಳು.

ಶನಿವಾರ ಮಧ್ಯಾಹ್ನ ಜುಬೇದೆ ಬಂದಿಳಿದಳು, ಒಂದು ಕೈಯಲ್ಲಿ ಸಿಹಿಯ ಡಬ್ಬಿ, ಇನ್ನೊಂದರಲ್ಲಿ ಯಾರೋ ಬರೆದುಕೊಟ್ಟ ಪ್ರಶ್ನೆಗಳ ಕಾಗದ. ಚಹಾ ಲೋಟ ಕೆಳಗಿಡುವ ಮೊದಲೇ ಶುರು ಮಾಡಿದಳು.

"ಅಮ್ಮ, ಇವತ್ತು ಯಾವ ವಾರ?"

"ನೀನು ಬಂದಿದೀಯ ಅಂದ್ರೆ ಶನಿವಾರ. ಬೇರೆ ದಿನ ನಿನಗೆಲ್ಲಿ ಅಮ್ಮನ ನೆನಪು?"

ನೆರ್ಗಿಸ್ ಕಿಸಕ್ಕೆಂದಳು. ಬಹಳ ದಿನಕ್ಕೆ ಬಂದ ಚುಚ್ಚುಮಾತು ಕೇಳಿ ಸೆವ್ಗುಲ್‌ಗೂ ಜೀವ ಬಂದಂತಾಯಿತು.

"ನೂರರಿಂದ ಏಳೇಳು ಕಳೀತಾ ಬಾ ಅಮ್ಮ."

"ತೊಂಬತ್ತಮೂರು. ಎಂಬತ್ತಾರು. ಎಪ್ಪತ್ತೊಂಬತ್ತು. ಎಪ್ಪತ್ತೆರಡು. ಅರವತ್ತೈದು." ಹುರ್ಮುಜಮ್ಮ ಅಲ್ಲಿಗೆ ನಿಲ್ಲಿಸಿದಳು. "ಬಾಯಿ ಎಣಿಸತ್ತೆ ಮಗಳೇ. ಸಾಫಿಯೆ ಅಕ್ಕನ ಬಾಯೂ ಕೊನೇವರೆಗೆ ಎಣಿಸ್ತಿತ್ತು. ಕೆಟ್ಟಿರೋದು ಕೈ." ಮಣೆಯ ಮೇಲಿದ್ದ ತೋಳನ್ನು ಕಡ್ಡಿಗಳ ಸಮೇತ ಸುತ್ತಿ, ಸೊಂಟದಲ್ಲಿದ್ದ ಉಗ್ರಾಣದ ಕೀಲಿಗೊಂಚಲು ಬಿಚ್ಚಿ ಅದರ ಮೇಲಿಟ್ಟು, ಎರಡನ್ನೂ ಸೆವ್ಗುಲ್‌ಳ ಮಡಿಲಿಗೆ ಹಾಕಿದಳು. "ತೋಳು ನೀನು ಮುಗಿಸು. ಮೂವತ್ತೊಂದು ಸಾಲಾಗಿದೆ. ಅಂದ್ರೆ, ತಟ್ಟೆ ಹಾಗಂತ ಹೇಳತ್ತೆ. ನಾನಿನ್ನು ಕಡ್ಡಿ ಹಿಡಿಯಲ್ಲ."

ಸೆವ್ಗುಲ್ ಕೀಲಿಯನ್ನು ಮುಟ್ಟದೆ, ನೇರವಾಗಿ ಮಾವನನ್ನು ನೋಡಿದಳು.

ಕಟುಂ.

ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸದ್ದು. ನಲವತ್ತೆರಡು ವರ್ಷ ಆ ಮನೆಗೆ ಅನ್ನ ಹಾಕಿದ ಸದ್ದು. ಎಲ್ಲರೂ ತಿರುಗಿದರು. ದುರ್ಸುನ್ ಉಸ್ತಾದರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೂತು, ಅಗಿಯುತ್ತಿದ್ದರು.

"ಉಸ್ತಾದ್, ಏನದು ನಿನ್ನ ಬಾಯಲ್ಲಿ?" ಎಂದಳು ಹುರ್ಮುಜಮ್ಮ.

"ಮೂವತ್ತೊಂದನೇ ಸಾಲು."

ಮೊದಲು ಅರ್ಥವಾದದ್ದು ನೆರ್ಗಿಸಳಿಗೆ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಜುಬೇದೆ ಕಾಗದ ನೋಡಿದಳು, ಅದರಲ್ಲಿ ಇದಕ್ಕೆ ಪ್ರಶ್ನೆ ಇರಲಿಲ್ಲ.

"ನಿನ್ನ ಕೈ ಕೆಟ್ಟಿಲ್ಲ ಹುರ್ಮುಜ್," ಎಂದರು ಉಸ್ತಾದರು. "ನನ್ನ ನಾಲಿಗೆ ಕೆಟ್ಟದ್ದು. ನೀನು ನಮಾಜಿಗೆ ಹೋದಾಗೊಂದು, ಚಹಾಕ್ಕೆ ಎದ್ದಾಗೊಂದು. ಬೆಕಿರ್ ಮೂರು ಸಲ ಹುರೀತಾನೆ, ನಡುನಡುವೆ ಚೀಲದಲ್ಲಿ ಮಲಗಿಸ್ತಾನೆ. ನಾನು ಕಲಿಸಿದ ಹಾಗೇ. ಒಂದು ದಿನ ಕೂಡ ಅವಸರ ಮಾಡಲ್ಲ, ಕಳ್ಳ ನನ್ಮಗ." ನುಂಗಿದರು. "ಚೆನ್ನಾಗಿ ಹುರೀತಾನೆ."

ತಾನು ಕದ್ದೆ ಎನ್ನುವುದಕ್ಕಿಂತ ಆ ಕೊನೆಯ ಮಾತು ಹೇಳುವುದೇ ಅವರಿಗೆ ಕಷ್ಟವಾಗಿತ್ತೆಂದು ಹುರ್ಮುಜಮ್ಮನಿಗೆ ತಿಳಿಯದೆ ಇರಲಿಲ್ಲ. ಆದರೂ ಆಕೆ ತಕ್ಷಣ ಕರಗಲಿಲ್ಲ.

"ಎಷ್ಟು ತಿಂದೆ?"

"ಒಂದು ಹತ್ತೋ ಹನ್ನೆರಡೋ..."

"ಮೊದಲನೇ ತೋಳಲ್ಲಿ ಹದಿನಾಲ್ಕು, ಎರಡನೇದರಲ್ಲಿ ಒಂಬತ್ತು. ಇಪ್ಪತ್ತಮೂರು. ಇದರಲ್ಲಿ ಎಷ್ಟು ಅಂತ ಈಗ ಎಣಿಸ್ತೀನಿ." ಸೆವ್ಗುಲ್‌ಳ ಮಡಿಲಿಂದ ತೋಳನ್ನು ಕಸಿದುಕೊಂಡಳು. ಗುಂಡುಪಿನ್ನು ಕೇಳಲಿಲ್ಲ, ಬೆರಳ ತುದಿಯಲ್ಲೇ ಸಾಲು ಸಾಲು ಸವರುತ್ತ ಹೋದಳು. "ಮೂವತ್ತಾರು. ಈಗ ಎದುರಿಗೇ ಕಡಿದದ್ದು ಬಿಟ್ಟು ಐದು. ಒಟ್ಟು ಇಪ್ಪತ್ತೆಂಟು ಕಾಳು. ಇಪ್ಪತ್ತೆಂಟು ಕಾಳಿಗೆ ನಾನು ಹದಿನೈದು ದಿನ ಸೂಪಿಗೆ ಉಪ್ಪು ಹಾಕೋಕೆ ಹೆದರಿಕೊಂಡೆ. ನೀನು ಎದುರಿಗೆ ಕೂತು ಆ ಸಪ್ಪೆ ಸೂಪು ಕುಡಿದೆ."

"ಎರಡೆರಡು ಬಟ್ಟಲು ಕುಡಿದೆ," ಎಂದರು ಉಸ್ತಾದರು. "ಶಿಕ್ಷೆ ಅಂದುಕೊಂಡು."

ಹುರ್ಮುಜಮ್ಮನ ತುಟಿ ಬಿಗಿಯಿತು, ನಡುಗಿತು, ಆಮೇಲೆ ತಡೆಯಲಾರದೆ ಬಿಚ್ಚಿಕೊಂಡಿತು. ಆ ನಗು ಶುರುವಾದ ಮೇಲೆ ಅದನ್ನು ನಿಲ್ಲಿಸಲು ಮನೆಯಲ್ಲಿ ಯಾರಿಂದಲೂ ಆಗಲಿಲ್ಲ. ರಿಫಾತ್ ಗೋಡೆಗೆ ಒರಗಿದ. ಜುಬೇದೆ ಪ್ರಶ್ನೆಯ ಕಾಗದದಲ್ಲೇ ಕಣ್ಣೊರೆಸಿಕೊಂಡಳು.

"ತಾತಾ, ಮೀಸೆ?" ಎಂದು ನೆರ್ಗಿಸ್ ನೆನಪಿಸಿದಳು. "ಬೋಳಿಸ್ತೀನಿ ಅಂದಿದ್ದೆ."

"ಮೀಸೆ ಇರಲಿ," ಎಂದಳು ಹುರ್ಮುಜಮ್ಮ, ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಮೀಸೆ ಬೆಳೆಯತ್ತೆ. ಬೆಕಿರನ ಅಂಗಡಿಗೆ ನೀನೇ ಹೋಗಬೇಕು. ಗಿರಾಕಿಗಳ ಎದುರಿಗೆ, ಈಗ ಇಲ್ಲಿ ಹೇಳಿದ್ದನ್ನ ಅಲ್ಲಿ ಹೇಳಿ, ಒಂದು ಕಿಲೋ ಕೊಂಡು ಬರಬೇಕು."

ಭಾನುವಾರ ಉಸ್ತಾದರು ಹೋದರು. ಅರ್ಧ ಗಂಟೆಯಲ್ಲಿ ಬರಬೇಕಾದವರು ಮೂರು ಗಂಟೆ ಬಿಟ್ಟು ಬಂದರು, ಬಟ್ಟೆಯೆಲ್ಲ ಹೊಗೆಯ ವಾಸನೆ, ಕೈಯಲ್ಲಿ ಎರಡು ಕಿಲೋ. ಬೆಕಿರ್ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡನಂತೆ, ಕಾಸು ಮುಟ್ಟಲಿಲ್ಲವಂತೆ. "ಉರಿ ಸ್ವಲ್ಪ ಜಾಸ್ತಿ ಇಡ್ತಾನೆ. ಹೇಳಿ ಬಂದೆ. ಗುರುವಾರ ಮತ್ತೆ ಹೋಗಿ ನೋಡಬೇಕು," ಎಂದರು. ಸೋಮವಾರ ಡಾಕ್ಟರ ಬಳಿ ಹೋದದ್ದೂ ಅವರೇ, ಮೊಣಕಾಲು ತೋರಿಸಲು. ಜುಬೇದೆ ಅಂಕಾರಾಕ್ಕೆ ಹೊರಡುವಾಗ ಅಮ್ಮ ಅವಳ ಚೀಲಕ್ಕೆ ಉಪ್ಪಿನಕಾಯಿಯ ಜಾಡಿ ತುರುಕಿ, "ಇನ್ನು ಶನಿವಾರ ಮಾತ್ರ ಅಲ್ಲ, ಬುಧವಾರ ಕೂಡ ಫೋನು ಮಾಡು," ಎಂದಳು.

ಆ ಸಂಜೆ ರಿಫಾತ್ ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಕಾರ್ಖಾನೆಗೆ ಏನೂ ಹೇಳಿಲ್ಲ ತಾನೆ?"

"ಹೇಳಿದೆ."

"ಹೇಳಿಬಿಟ್ಯಾ!"

"ನಾಳೆ ಐದು ನಿಮಿಷ ಮೊದಲೇ ಬರ್ತೀನಿ ಅಂತ. ತಗೋ, ಪಾತ್ರೆ ಒರೆಸು."

ಅವನು ಒರೆಸಿದ. ಎರಡು ಲೋಟ ಒಡೆದವು, ಅದು ಬೇರೆ ಮಾತು.

ಬೆಳಿಗ್ಗೆ ಸೆವ್ಗುಲ್ ಹೊಸ್ತಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ಹೊರಗೆ ಹಿಮ ತೆಳ್ಳಗೆ ಬೀಳುತ್ತಿತ್ತು. ಸೂಪಿಗೆ ಉಪ್ಪು ಬಿದ್ದಿತ್ತು, ಒಂದು ಚಿಟಿಕೆ ಜಾಸ್ತಿಯೇ. ಒಳಗೆ ಅತ್ತೆ ಕಡ್ಡಿ ಹಿಡಿದಿದ್ದಳು. ಸಾಲಿಗೊಂದು ಕಾಳು ತಟ್ಟೆಗೆ ಹಾಕುವ ಕೆಲಸ ಇನ್ನು ಮುಂದೆ ಮಾವನದೆಂದು ತೀರ್ಮಾನವಾಗಿತ್ತು.

ಟಣ್.

"ನಲವತ್ತೊಂದು," ಎಂದರು ಉಸ್ತಾದರು.

"ತಟ್ಟೆಯಲ್ಲಿ ಎಷ್ಟಿದೆ?"

"ನಲವತ್ತೊಂದೇ."

ಕಡ್ಡಿಗಳು ನಿಂತವು.

"ಬಾಯಿ ತೆಗಿ."

"ಹುರ್ಮುಜ್, ಈ ವಯಸ್ಸಲ್ಲಿ..."

"ತೆಗಿ ಅಂದೆ."

"ಆ..."

ಬೀದಿ ತುದಿಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಸೆವ್ಗುಲ್ ನಗುತ್ತಲೇ ಎದ್ದು ಓಡಿದಳು.